ಟವೆಲ್ಲಿನ ಕೆಳಗಿನ ಕೈ, ಬೆಳಗಿನ ಗುಳಿಗೆ

ಮೊದಲ ಸಲ ಹೇಳಿದ ಬೆಲೆಯನ್ನು ನಾನು ಈ ಜನ್ಮದಲ್ಲಿ ನಂಬಿದವನಲ್ಲ. ನಂಬಿದ್ದರೆ ಇಂದಿಗೂ ಗುಂಜೋಟಿಯ ಬಯಲಿನಲ್ಲಿ ಅಪ್ಪನ ಕುರಿಗಳ ಹಿಂದೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದೆ. ಕುರಿ ಕಾಯುವುದು ಕೀಳು ಎಂದಲ್ಲ. ನಾವು ಬೀರಪ್ಪನ ಒಕ್ಕಲು, ಆ ಕುರಿಗಳೇ ನಮ್ಮನ್ನು ಸಾಕಿದ್ದು. ಆದರೆ ನನ್ನ ಕಣ್ಣು ಬೇರೆ ಕೆಲಸಕ್ಕೆ ಹುಟ್ಟಿತ್ತು. ಮೊದಲು ಕುರಿ, ಆಮೇಲೆ ಎಮ್ಮೆ, ಕೊನೆಗೆ ದೇವಣಿ ಎತ್ತು, ಹೀಗೆ ಮೆಟ್ಟಿಲು ಹತ್ತಿ ದಲಾಲನಾದೆ. ಉಮರ್ಗಾ, ನಿಲಂಗಾ, ಉದಗೀರ, ಮಹಾರಾಷ್ಟ್ರದ ಗಡಿಯ ಈ ಮೂರು ದನದ ಬಜಾರುಗಳಲ್ಲಿ ಮಾಳಪ್ಪ ಎಂದರೆ ಗೊತ್ತಿಲ್ಲದ ದನಗಾರ ಇರಲಿಲ್ಲ. ಇಂಥವನು ತಲೆಯ ಕಾಯಿಲೆಗೆ ದಿನಾ ಒಂದು ಗುಳಿಗೆ ನುಂಗುವ ಮಟ್ಟಕ್ಕೆ ಹೇಗೆ ಬಂದ ಎಂಬುದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಅದೇ ಗುಳಿಗೆಯ ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು, ನುಂಗಲೋ ಬಿಸಾಡಲೋ ಎಂದು ಅನುಮಾನಪಡುತ್ತಿದ್ದರೆ, ಅನುಮಾನಪಡುವುದರಲ್ಲಿ ನಾನು ನಿಮಗಿಂತ ದೊಡ್ಡವನು. ಅದಕ್ಕೇ ನನ್ನ ಮಾತು ಕೇಳಿ.

ನಮ್ಮ ಬಜಾರಿನ ಪದ್ಧತಿ ತಿಳಿಯದವರಿಗೆ ಒಂದು ವಿಷಯ ಹೇಳಬೇಕು. ಇಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ದಲಾಲ ನಿಲ್ಲುತ್ತಾನೆ. ಒಬ್ಬೊಬ್ಬರ ಕೈಯನ್ನೂ ತನ್ನ ಟವೆಲ್ಲಿನ ಕೆಳಗೆ ಹಿಡಿಯುತ್ತಾನೆ. ಬೆರಳು ಒತ್ತಿದ್ದೇ ಮಾತು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಬೆರಳು ಬೆಲೆ ಹೇಳುತ್ತದೆ, ಅಂಗೈ ಮನಸ್ಸು ಹೇಳುತ್ತದೆ. ಒದ್ದೆ ಅಂಗೈ ಎಂದರೆ ಅವನಿಗೆ ಅವಸರವಿದೆ. ಒಣಗಿದ ಬಿಗಿ ಕೈ ಎಂದರೆ ಸಂಜೆಯವರೆಗೂ ಕಾಯುತ್ತಾನೆ. ನಾನು ಉಂಡ ಅನ್ನವೆಲ್ಲ ಆ ಅಂಗೈಗಳನ್ನು ಓದಿ ಉಂಡದ್ದು.

ಕಾಯಿಲೆ ಯಾವಾಗ ಶುರುವಾಯಿತೆಂದು ಹೇಳಲಾರೆ. ಮೊದಲು ಮನುಷ್ಯರ ರೋಗಕ್ಕೆ ಬಜಾರು ಮುಚ್ಚಿದವು. ತೆರೆದವು ಅನ್ನುವಷ್ಟರಲ್ಲಿ ದನಗಳ ಚರ್ಮಕ್ಕೆ ಗಂಟು ರೋಗ ಬಂದು ಮತ್ತೆ ಮುಚ್ಚಿದವು. ಆಮೇಲೆ ದಾರಿಯ ಕಾಟ. ಎತ್ತು ಹೇರಿದ ಗಾಡಿ ಹೊರಟರೆ ಖಾಕಿ ಹಾಕಿದವರೂ ತಡೆಯುತ್ತಾರೆ, ಹಾಕದವರೂ ತಡೆಯುತ್ತಾರೆ. ಕಾಗದಗಳೆಲ್ಲ ಸರಿ ಇದ್ದರೂ ಮನೆ ಮುಟ್ಟುವವರೆಗೆ ಹಲ್ಲು ಕಚ್ಚಿಕೊಂಡೇ ಕೂರುತ್ತಿದ್ದೆ. ಹೀಗೆ ವರ್ಷಗಳು ಹೋದವು. ಒಂದು ದಿನ ಮನೆ ಮುಟ್ಟಿದ ಮೇಲೂ ಹಲ್ಲು ಸಡಿಲಿಸುವುದು ಮರೆತುಹೋಗಿತ್ತು.

ನಿದ್ದೆ ಕೋಳಿ ಕೂಗುವ ಮುಂಚೆಯೇ ಮುಗಿಯುತ್ತಿತ್ತು. ರೊಟ್ಟಿ ಬಾಯಲ್ಲಿ ಮಣ್ಣಾಗುತ್ತಿತ್ತು. ಚಹಾದಂಗಡಿಯಲ್ಲಿ ಇಬ್ಬರು ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಅನಿಸುತ್ತಿತ್ತು. ನನ್ನ ಜೋಡಿ ದಲಾಲ ಬಸವಣಪ್ಪ, ಹಣೆಗೆ ವಿಭೂತಿ ಹಚ್ಚದೆ ನೀರೂ ಕುಡಿಯದ ರೈತ ಮನೆತನದವನು, ಒಂದು ದಿನ ಫೋನು ಹಿಡಿದು ನಾಲ್ಕು ಹೆಜ್ಜೆ ಆಚೆ ಹೋಗಿ ಮಾತಾಡಿದ. ನನ್ನನ್ನು ಬಿಟ್ಟು ಬೇರೆ ಸೌದಾ ಕುದುರಿಸುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಅವನು ಮಾತಾಡಿದ್ದು ಮಗಳ ಬಾಣಂತನದ ಬಗ್ಗೆ. ಅದನ್ನು ಅವನೇ ಹೇಳಿದಾಗಲೂ ನಂಬಲಿಲ್ಲ.

ಅನುಮಾನ ನನಗೆ ಅನ್ನ ಕೊಟ್ಟ ಗುಣ. ಅದೇ ರೋಗವಾಗಿದೆ ಎಂದು ಯಾವ ದಲಾಲ ಒಪ್ಪಿಕೊಳ್ಳುತ್ತಾನೆ?

ಎದೆ ಹೊಡೆದುಕೊಳ್ಳುತ್ತದೆಂದು ಉಮರ್ಗಾದಲ್ಲಿ ಒಬ್ಬ ಡಾಕ್ಟರರಿಗೆ ತೋರಿಸಿದೆ. ರಕ್ತ ತೆಗೆದರು, ಎದೆಗೆ ತಂತಿ ಅಂಟಿಸಿದರು. "ಸಗಳಂ ನಾರ್ಮಲ್ ಆಹೆ. ಟೆನ್ಷನ್ ಕಮೀ ಕರಾ," ಎಲ್ಲ ಸರಿಯಿದೆ, ಚಿಂತೆ ಕಡಿಮೆ ಮಾಡಿ ಎಂದು ಮರಾಠಿಯಲ್ಲಿ ಹೇಳಿ ಕಳಿಸಿದರು. ಕುಂಟುವ ಎತ್ತಿಗೆ ಕುಂಟಬೇಡ ಎಂದು ಹೇಳಿ ಕಳಿಸಿದ ಹಾಗೆ. ಇವರಿಗೂ ರಕ್ತ ಪರೀಕ್ಷೆಯವರಿಗೂ ಟವೆಲ್ಲಿನ ಕೆಳಗೆ ಏನೋ ಮಾತಾಗಿದೆ ಎಂದುಕೊಂಡು ಮನೆಗೆ ಬಂದೆ.

ನಿಜವಾದ ಪೆಟ್ಟು ಬಿದ್ದದ್ದು ಉದಗೀರ ಬಜಾರಿನಲ್ಲಿ. ಯೆಣೆಗೂರಿನ ಶಿವರಾಯ ತನ್ನ ಜೋಡಿ ಎತ್ತು ಮಾರಲು ತಂದಿದ್ದ. ಕಡಿಮೆ ಮಾತಿನ, ಗಟ್ಟಿ ಮನುಷ್ಯ. ಎಷ್ಟೋ ಸಲ ಅವನ ಕೈ ನನ್ನ ಟವೆಲ್ಲಿನ ಕೆಳಗೆ ಬಂದದ್ದಿದೆ. ಅಂದು ಅವನು ಬೆರಳು ಒತ್ತಿದ. ನನಗೆ ತಿಳಿಯಲಿಲ್ಲ. ಮತ್ತೆ ಒತ್ತಿದ. ಮೊದಲು ಹೇಳಿದ್ದೇ ಬೇರೆ, ಈಗ ಹೇಳುತ್ತಿರುವುದೇ ಬೇರೆ ಅನಿಸಿತು. ಕಿವಿಯಲ್ಲಿ ಏನೋ ಗುಂಯ್‌ಗುಡುತ್ತಿತ್ತು. ಟವೆಲ್ ಕಿತ್ತು ಎಸೆದು ಅವನ ಬೆಲೆಯನ್ನು ಇಡೀ ಬಜಾರಿಗೆ ಕೇಳುವಂತೆ ಕೂಗಿಬಿಟ್ಟೆ.

"ನೋಡ್ರಿ! ಮದಲ ಇಷ್ಟ ಅಂದ, ಈಗ ಇಷ್ಟ ಅಂತಾನ! ಕೈಯಾಗ ಕೈ ಇಟ್ಟು ಮೋಸ ಮಾಡಲತ್ತಾನ!"

ದಲಾಲ ಟವೆಲ್ ಕೀಳಬಾರದು, ಬೆಲೆ ಕೂಗಬಾರದು. ನಾನು ಎರಡನ್ನೂ ಮಾಡಿದ್ದೆ. ಸುತ್ತಲಿನ ದಲಾಲರು ತಮ್ಮ ಸೌದಾ ಬಿಟ್ಟು ನಮ್ಮ ಕಡೆ ತಿರುಗಿದರು. ಶಿವರಾಯ ಸಿಟ್ಟಿಗೇಳಲಿಲ್ಲ. ಎದ್ದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದ, "ಮಾಳಪ್ಪಾ, ನಾ ಬೆರಳ ಹಂದಾಡಸೇ ಇಲ್ಲೋ. ನಿನ್ನ ಕೈನೇ ನಡಗಲತ್ತದ."

ಬಸವಣಪ್ಪ ನನ್ನ ಮೊಣಕೈ ಹಿಡಿದು ಆಚೆ ಕರೆದುಕೊಂಡು ಹೋದ. ಅದರ ಮುಂದಿನ ಬಜಾರಿನಿಂದ ನನ್ನ ಟವೆಲ್ಲಿನ ಕೆಳಗೆ ಯಾರೂ ಕೈ ಇಡಲಿಲ್ಲ. ನಮಸ್ಕಾರ ಮಾಡುತ್ತಾರೆ, ಚಹಾ ಕುಡಿಸುತ್ತಾರೆ, ಸೌದಾ ಬಂದಾಗ ಬಸವಣಪ್ಪನ ಕಡೆ ತಿರುಗುತ್ತಾರೆ. ದಲಾಲನಿಗೆ ಹೊಲ ಬೇಡ, ಅಂಗಡಿ ಬೇಡ, ಜನ ನಂಬಿ ಇಡುವ ಕೈ ಒಂದು ಬೇಕು. ನನ್ನ ಬಂಡವಾಳ ಅಷ್ಟೇ ಇತ್ತು. ಅದು ಹೋಯಿತು.

ನನ್ನ ಹೆಂಡತಿ ಸುಗಲಾಬಾಯಿಯ ತವರು ನಿಲಂಗಾ. ಅವಳ ಅಣ್ಣ ಸುದ್ದಿ ಕೇಳಿ, "ಇದು ಹೊರಗಿಂದು. ಯಾರೋ ಮಾಡಸ್ಯಾರ," ಎಂದು ನಮ್ಮನ್ನು ಕರೆಸಿಕೊಂಡ. ಮಾಟ ಮಂತ್ರ ನೋಡುವವನೊಬ್ಬನ ಹತ್ತಿರ ಕೂರಿಸಿದ. ಅವನು ಲಿಂಬೆಹಣ್ಣು ಸುತ್ತಿಸಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ, "ನಿಮಗ ಯಾರ ಮ್ಯಾಲ ಸಂಶೇ ಅದ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರಗಳಿಗೆ ಬರ ಇರಲಿಲ್ಲ. ಬಸವಣಪ್ಪ ಎಂದೆ. ಶಿವರಾಯ ಎಂದೆ. ಗಾಡಿ ಓಡಿಸುವವನು, ಚಹಾದಂಗಡಿಯವನು, ಉಮರ್ಗಾದ ಡಾಕ್ಟರು. ಪಕ್ಕದಲ್ಲೇ ಕೂತ ಭಾವನ ಹೆಸರನ್ನೂ ಹೇಳಿದೆ.

"ಅಲೆಲೆ! ನಾ ನಿನ್ನ ಕರಕೊಂಡ ಬಂದಾಂವಾ!" ಎಂದು ಭಾವ ಎದ್ದು ನಿಂತ.

ಸುಗಲಾ ನಕ್ಕಳು. "ಇನ್ನ ನನ್ನ ಹೆಸರೊಂದ ಉಳದದ. ಅದೂ ಹೇಳಿಬಿಡು."

ನಾನು ಲಿಂಬೆಹಣ್ಣಿನ ಕಡೆ ಕಣ್ಣು ಹೊರಳಿಸಿದೆ. ಅವಳು ನನ್ನ ಮುಖ ನೋಡಿದಳು. ನಗು ನಿಂತಿತು. ಕೆಲವು ದಿನಗಳಿಂದ ಅವಳು ಕೊಟ್ಟ ಚಹಾವನ್ನು ನಾನು ಮೂಸಿ ಕುಡಿಯುತ್ತಿದ್ದೆ. ಅದನ್ನು ಅವಳು ನೋಡಿದ್ದಳು, ಯಾಕೆಂದು ತಿಳಿದದ್ದು ಮಾತ್ರ ಅಲ್ಲಿ. ತಲೆಯ ಸೆರಗು ಸರಿಮಾಡಿಕೊಂಡು ಎದ್ದಳು.

"ಲಿಂಬಿಹಣ್ಣ ಸಾಕು. ನಡಿ, ಉದಗೀರಕ್ಕ. ತಲೀ ಡಾಕ್ಟರ ಅಲ್ಲೇ ಇದ್ದಾರಂತ."

"ನಾ ಹುಚ್ಚ ಅಲ್ಲ."

"ಹುಚ್ಚ ಅಲ್ಲ ಅಂತ ಅವರ ಬಾಯಿಂದ ಕೇಳಕೊಂಡ ಬರಮು. ನಡಿ."

ಆ ಆಸ್ಪತ್ರೆ ಮೊದಲ ಮಹಡಿಯಲ್ಲಿ, ಕೆಳಗೆ ಔಷಧದಂಗಡಿ. ನೋಡಿದ ಕೂಡಲೇ ಲೆಕ್ಕ ಹಾಕಿಬಿಟ್ಟೆ: ಮೇಲಿನವರು ಬರೆಯುತ್ತಾರೆ, ಕೆಳಗಿನವರು ಕೊಡುತ್ತಾರೆ, ನಡುವಿನ ಮೆಟ್ಟಿಲೇ ಟವೆಲ್. ಉದಗೀರದಲ್ಲಿ ನನ್ನ ಗುರುತು ಹಿಡಿಯುವವರು ಬಹಳ, ಹಾಗಾಗಿ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ. ಮೇಲೆ ಹೋದರೆ ಗಂಡಸರಲ್ಲಿ ಮುಕ್ಕಾಲು ಮಂದಿ ಹಾಗೇ ಸುತ್ತಿಕೊಂಡು ಕೂತಿದ್ದಾರೆ! ಬಿಸಿಲಿಲ್ಲ, ಧೂಳಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ಪಕ್ಕದವನ ಕಣ್ಣು ಎಲ್ಲೋ ನೋಡಿದ ಹಾಗಿತ್ತು. ಲೋಹಾರಾ ಬಸ್ಸಿನ ಕಂಡಕ್ಟರು. ಅವನಿಗೂ ನನ್ನ ಗುರುತು ಸಿಕ್ಕಿತು.

"ಏನ್ ದಲಾಲರ, ಇಲ್ಲಿ?"

"ನಮ್ಮ ಮನಿಯಾಕಿಗಿ ತೋರಸಲಾಕ ಬಂದೀನ್ರಿ. ನೀವು?"

"ನಾನೂ ಹಂಗೇ. ನಮ್ಮಾಕೀದೇ ತ್ರಾಸ."

ಎದುರಿನ ಬೆಂಚಿನಲ್ಲಿ ಇಬ್ಬರು ಹೆಂಡಂದಿರೂ ಅಕ್ಕಪಕ್ಕ ಕೂತಿದ್ದರು. ಕಂಡಕ್ಟರನ ಹೆಂಡತಿ ಸುಗಲಾಳ ಕಡೆ ಬಾಗಿ, ನಮಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು, "ನಮ್ಮಾಂವಾ ಹ್ವಾದ ಸಲನೂ ಹಿಂಗೇ ಅಂದಾನ ನೋಡವ್ವಾ. ಒಳಗಿಂದ ಅಂವನ ಹೆಸರ ಕರದ್ರ ನನ್ನ ಮಾರಿ ನೋಡ್ತಾನ."

ಇಡೀ ಕೋಣೆ ನಕ್ಕಿತು. ಮುಖಕ್ಕೆ ಸುತ್ತಿದ ಟವೆಲ್ಲುಗಳೂ ಅಲುಗಾಡಿದವು. ಕಂಡಕ್ಟರ ತನ್ನದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಅಂದ, "ತಿಕೀಟ ಅಂತ ಕೇಳಲಾಕ ಬಾಯೇ ತೆರೀತಿದ್ದಿಲ್ರಿ ನಂದು. ಈಗ ತೆರೀತದ. ಅಂಜಬ್ಯಾಡ್ರಿ." ಆ ಒಂದು ಮಾತಿಗೆ ನಾನು ಅವನಿಗೆ ಋಣಿ. ಅಂದು ಮಾತ್ರ, ಇವನಿಗೂ ಗಿರಾಕಿ ತಂದದ್ದಕ್ಕೆ ಏನಾದರೂ ಸಿಗುತ್ತದೋ ಏನೋ ಎಂದುಕೊಂಡಿದ್ದೆ.

ಡಾಕ್ಟರು ಹೆಂಗಸು, ಭಾಲ್ಕಿ ಕಡೆಯವರು. ಕನ್ನಡದಲ್ಲೇ ಮಾತಾಡಿದರು. ನನ್ನದೆಲ್ಲ ಕೇಳಿದರು, ಆಮೇಲೆ ನನ್ನನ್ನು ಹೊರಗೆ ಕೂರಿಸಿ ಸುಗಲಾಳನ್ನು ಕೇಳಿದರು. ಇದು ನಮ್ಮ ಬಜಾರಿನ ಪದ್ಧತಿಯೇ, ಇಬ್ಬರ ಕೈಯನ್ನೂ ಬೇರೆ ಬೇರೆ ಹಿಡಿಯುವುದು. ಮತ್ತೆ ಒಳಗೆ ಕರೆದು, ಇದು ಖಿನ್ನತೆ, ಬಹಳ ವರ್ಷದ ಒತ್ತಡದಿಂದ ಬಂದದ್ದು, ಅದರ ಜೊತೆಗೇ ಈ ಅಂಜಿಕೆ, ಈ ಸಂಶಯ ಎಂದು ಹೇಳಿ ಗುಳಿಗೆ ಬರೆಯಲು ಪೆನ್ನು ತೆಗೆದರು. ನಾನು ಸುಮ್ಮನಿರಲಿಲ್ಲ.

"ತಲಿಯಾಗ ಯಾವುದೋ ರಸಾಯನ ಕಮ್ಮಿ ಆಗ್ತದ, ಗುಳಿಗಿ ಅದನ್ನ ತುಂಬತದ ಅಂತಾರಲ್ರಿ. ನಂದು ಎಷ್ಟ ಕಮ್ಮಿ ಆಗ್ಯದ? ಅಳದೀರೇನು?"

"ಇಲ್ಲ."

"ಅಳೀದೇ ಕಮ್ಮಿ ಅಂತ ಹ್ಯಾಂಗ ಅಂತೀರಿ?"

ಅವರು ಪೆನ್ನು ಕೆಳಗಿಟ್ಟರು. "ನಾ ಕಮ್ಮಿ ಆಗ್ಯದ ಅಂತ ಅಂದೇ ಇಲ್ರಿ. ನೀವೇ ಅಂದ್ರಿ. ಅದು ತಿಳೀಲಿ ಅಂತ ಮಂದಿ ಹೇಳೋ ಸೀದಾ ಕತಿ. ಖರೇ ಅಷ್ಟ ಸೀದಾ ಇಲ್ಲ."

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಮೆದುಳಿನಲ್ಲಿ ಒಂದು ನರ ಇನ್ನೊಂದಕ್ಕೆ ಮಾತು ಮುಟ್ಟಿಸಲು ಸೆರೊಟೋನಿನ್ ಎಂಬ ರಸಾಯನವನ್ನು ಬಿಡುತ್ತದೆ, ಬಿಟ್ಟದ್ದನ್ನು ತಿರುಗಿ ಎಳೆದುಕೊಳ್ಳುತ್ತದೆ. ನನಗೆ ಬರೆದ ಗುಳಿಗೆ ಆ ಎಳೆದುಕೊಳ್ಳುವುದನ್ನು ತಡೆಯುತ್ತದೆ, ಹಾಗಾಗಿ ಅದು ಹೆಚ್ಚು ಹೊತ್ತು ನಡುವೆ ಉಳಿಯುತ್ತದೆ. ಈ ಕೆಲಸ ನುಂಗಿದ ದಿನವೇ ಶುರು. ಆದರೆ ಮನಸ್ಸು ಹಗುರಾಗಲು ವಾರಗಳು ಬೇಕು.

ಇಲ್ಲಿ ನಾನು ಅವರನ್ನು ಹಿಡಿದೆ. "ಮದಲ ದಿನಾನೇ ಕೆಲಸ ಆದ್ರ ಗುಣಾ ಯಾಕ ತಡಾ?"

"ಸವಾಲ ಬರೋಬ್ಬರಿ ಅದ," ಎಂದರು. ವರ್ಷಗಟ್ಟಲೆ ಒತ್ತಡದಲ್ಲಿದ್ದ ಮೆದುಳಿನಲ್ಲಿ ಕಾವಲು ಕಾಯುವ ಭಾಗ ಮಲಗುವುದನ್ನೇ ಮರೆಯುತ್ತದೆ. ನೆನಪಿನ, ವಿಚಾರದ ಕಡೆಯ ನರಗಳ ಕೊಂಬೆಗಳು ಸೊರಗುತ್ತವೆ. ಗುಳಿಗೆ ಆ ಕೊಂಬೆಗಳು ಮತ್ತೆ ಚಿಗುರಲು, ಮೆದುಳು ಹೊಸದಾಗಿ ಕಲಿಯಲು ಅನುಕೂಲ ಮಾಡಿಕೊಡುತ್ತದೆ, ಅದು ನಿಧಾನ. "ಹಿಂಗ ಇರಬೇಕು ಅಂತ ಬಹಳ ಮಂದಿ ಶೋಧ ಮಾಡಾವರು ಅಂತಾರ. ಪೂರಾ ಯಾರಿಗೂ ಗೊತ್ತಿಲ್ರಿ. ನನಗೂ ಗೊತ್ತಿಲ್ಲ."

ನಾನಂದೆ, "ಅಂದ್ರ ನೊಗ ಇಳಸದೇ ಹೂಡಿದ ಎತ್ತಿನ ಹೆಗಲ. ಎಣ್ಣಿ ಹಚ್ಚಿದ ಕೂಡ್ಲೇ ಉರಿ ಆರ್ತದ, ತೊಗಲ ಬರೂದು ತಡಾ."

"ಪೂರಾ ಹಂಗೂ ಅಲ್ಲ. ಆದ್ರ ಹತ್ರ ಬಂದೀರಿ. ಮತ್ತ ನೊಗಾನೂ ನಡುನಡುವ ಇಳಸಬೇಕು, ಬರೇ ಎಣ್ಣಿ ಸಾಲೂದಿಲ್ಲ."

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೊದಮೊದಲು ವಾಕರಿಕೆ ಬರುತ್ತದೆ, ಚಡಪಡಿಕೆ ಸ್ವಲ್ಪ ಹೆಚ್ಚೇ ಆಗಬಹುದು. ಕೆಲವರಿಗೆ ಕೈ ನಡುಗುತ್ತದೆ. ಗಂಡ ಹೆಂಡಿರ ವಿಷಯದಲ್ಲಿ ಇಚ್ಛೆ ಕಡಿಮೆಯಾಗುತ್ತದೆ, ನಾಚಿಕೆಪಟ್ಟು ಮುಚ್ಚಿಡಬೇಡಿ. ಬದುಕೇ ಬೇಡ ಎಂಬ ವಿಚಾರ ಬಂದರೆ ಒಂದು ಗಳಿಗೆಯೂ ಕಾಯಬೇಡಿ, ಫೋನು ಮಾಡಿ. ಗುಣವಾಯಿತೆಂದು ಒಮ್ಮೆಲೇ ಬಿಡಬೇಡಿ, ನಾನು ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸಬೇಕು. ಮೊದಲನೆಯ ಗುಳಿಗೆ ಎಲ್ಲರಿಗೂ ಹೊಂದುತ್ತದೆ ಎಂದೂ ಇಲ್ಲ.

ನಾನು ಬಾಯಿ ತೆರೆದುಕೊಂಡು ಕೂತೆ. ನಮ್ಮ ಬಜಾರಿನಲ್ಲಿ ಟವೆಲ್ ಬೀಸುವ ಮುಂಚೆ ಮಾರುವವನು ಎತ್ತಿನ ಖೋಡಿ ಹೇಳಬೇಕು. ಖೋಡಿ ಎಂದರೆ ದನದ ದುರ್ಗುಣ. ಹಾಯುತ್ತದೆ, ಒದೆಯುತ್ತದೆ, ನೊಗ ಕಂಡರೆ ಮಲಗುತ್ತದೆ, ಹೀಗೆ. ಹೇಳಿ ಮಾರಿದರೆ ಸೌದಾ ಪಕ್ಕಾ. ಮುಚ್ಚಿ ಮಾರಿದರೆ ಮುಂದಿನ ಬಜಾರಿಗೆ ಎತ್ತು ವಾಪಸ್ಸು, ಹೆಸರೂ ವಾಪಸ್ಸು. ಈ ಹೆಂಗಸು ತಾನೇ ಬರೆದ ಗುಳಿಗೆಯ ಖೋಡಿಗಳನ್ನೆಲ್ಲ ಕೇಳುವ ಮುಂಚೆಯೇ ಹೇಳಿಬಿಟ್ಟರು. ಮೇಲಿಂದ, ತನಗೆ ಗೊತ್ತಿಲ್ಲದ್ದು ಗೊತ್ತಿಲ್ಲ ಎಂದರು.

ಆದರೆ ಒಂದು ವಿಷಯಕ್ಕೆ ನನ್ನ ಅನುಮಾನ ಬಿಡಲಿಲ್ಲ. ಗುಳಿಗೆ ದಿನಕ್ಕೆ ಒಂದು ಎಂದು ಬರೆದಿದ್ದರಲ್ಲ. ಮೊದಲ ಮಾತಿನಲ್ಲೇ ನಿಜವಾದ ಬೆಲೆ ಯಾರು ಹೇಳುತ್ತಾರೆ? ಒಂದು ಎಂದರೆ ಅರ್ಧಕ್ಕೆ ಒಪ್ಪುವ ಜಾಗ ಇಟ್ಟೇ ಹೇಳಿರುತ್ತಾರೆ. ನಾನು ದಿನಾ ಬೆಳಿಗ್ಗೆ ಗುಳಿಗೆಯನ್ನು ಉಗುರಿನಿಂದ ಮುರಿದು ಅರ್ಧ ನುಂಗಿದೆ. ಇನ್ನರ್ಧವನ್ನು ಖಾಲಿ ಸುಣ್ಣದ ಡಬ್ಬಿಯಲ್ಲಿ ಹಾಕಿಟ್ಟೆ. ಒಳ್ಳೆಯ ಸೌದಾ ಮಾಡಿದೆ ಅನಿಸಿತು. ವಾಕರಿಕೆ ಬಂತು, ಆಕಳಿಕೆ ಬಂತು, ಗುಣ ಮಾತ್ರ ಬರಲಿಲ್ಲ. ನೋಡಿದಿರಾ, ಖೋಡಿ ಪೂರಾ, ಕೆಲಸ ಇಲ್ಲ ಎಂದು ಒಳಗೊಳಗೇ ಗೆದ್ದವನಂತೆ ಡಾಕ್ಟರರ ಹತ್ತಿರ ಮತ್ತೆ ಹೋದೆ.

"ಏನೂ ಫರಕ್ ಇಲ್ರಿ," ಎಂದೆ.

"ಹಂಗಾದ್ರ ಡೋಸ್ ಹೆಚ್ಚ ಮಾಡಮು," ಎಂದು ಅವರು ಪೆನ್ನು ತೆಗೆದರು.

ಸುಗಲಾ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ಅರ್ಧ ಗುಳಿಗೆಗಳು ಉರುಳಿದವು.

"ಅರ್ಧಾ ನುಂಗತಾನ್ರಿ ಡಾಕ್ಟರ ಬಾಯಾರ. ಇನ್ನರ್ಧಾ ಚೌಕಾಸಿ ಮಾಡಿ ಉಳಸ್ಯಾನ."

ಡಾಕ್ಟರು ಗುಳಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು. ನಗು ತಡೆಯಲು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ.

"ದಲಾಲರ, ಇಲ್ಲಿ ಏಕದಾಮ್‌ರೀ. ಒಂದೇ ಬೆಲಿ. ನಾ ಚೌಕಾಸಿಗಿ ಜಾಗಾ ಇಟ್ಟು ಬರೆಯೂದಿಲ್ಲ. ನೀವು ಸುಳ್ಳ ಹೇಳಿದ್ರ ನಾ ಸುಳ್ಳಿನ ಮ್ಯಾಲೇ ಡೋಸ್ ಹೆಚ್ಚಸ್ತಿದ್ದೆ. ಮೋಸ ಯಾರಿಗಿ ಆಗ್ತಿತ್ತು?"

ಅರ್ಧ ಗುಳಿಗೆಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದೆ. ನಾನು ಕೊಡುವ ಸಲಹೆ ಇದು: ಬೇಕಾದರೆ ಡಾಕ್ಟರರನ್ನು ಕೂರಿಸಿ ಹತ್ತು ಪ್ರಶ್ನೆ ಕೇಳಿ, ಬೇರೆ ಡಾಕ್ಟರರನ್ನೂ ಕೇಳಿ, ಜಗಳವಾಡಿ. ಆದರೆ ಜಗಳ ಅವರ ಮುಖದ ಮುಂದೆ ಆಡಿ, ಮನೆಗೆ ಬಂದು ಗುಳಿಗೆಯ ಜೊತೆ ಆಡಬೇಡಿ. ಗುಳಿಗೆಗೆ ಚೌಕಾಸಿ ತಿಳಿಯುವುದಿಲ್ಲ.

ಪೂರ್ತಿ ಗುಳಿಗೆ ಶುರುವಾಯಿತು. ದಿನಾ ಬೆಳಿಗ್ಗೆ ಪಟ್ಟಿಯ ಬೆನ್ನು ತಿರುಗಿಸಿ ಅವಧಿ ಮುಗಿಯುವ ತಾರೀಖು ನೋಡುತ್ತಿದ್ದೆ, ಈಗಲೂ ನೋಡುತ್ತೇನೆ. ಪಟ್ಟಿಯನ್ನು ಬೇರೆ ಅಂಗಡಿಗೂ ಒಯ್ದು ಬೆಲೆ ಕೇಳಿದೆ. ಅದೇ ಬೆಲೆ. ಆಗ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಒಳಗೆ ದೊಡ್ಡ ಭಯ ಬೇರೆಯದೇ ಇತ್ತು, ಅದನ್ನು ಸುಗಲಾಳಿಗೂ ಹೇಳಿರಲಿಲ್ಲ. ಈ ಗುಳಿಗೆ ನನ್ನ ಅನುಮಾನವನ್ನೇ ತೆಗೆದುಹಾಕಿದರೆ? ಯಾರು ಏನೆಂದರೂ ಹೂಂ ಅನ್ನುವ ಮೆತ್ತನೆಯ ಮನುಷ್ಯನಾದರೆ? ಅಂಥ ದಲಾಲನಿಂದ ಯಾರಿಗೆ ಏನು ಲಾಭ? ಕೈ ಬೇರೆ ಸಣ್ಣಗೆ ನಡುಗುತ್ತಿತ್ತು. ಊಟದ ತಾಟಿನ ಮೇಲೆ ಬೆರಳು ಚಾಚಿ ದಿನಾ ಪರೀಕ್ಷೆ ಮಾಡುತ್ತಿದ್ದೆ. ಡಾಕ್ಟರರಿಗೆ ತೋರಿಸಿದೆ. ಇಳಿಯುತ್ತದೆ ನೋಡೋಣ, ಇಳಿಯದಿದ್ದರೆ ಗುಳಿಗೆ ಬದಲಿಸೋಣ ಎಂದರು. ಹೆಚ್ಚುಕಡಿಮೆ ಇಳಿಯಿತು.

ಗುಣ ಬಂದದ್ದು ಬಾಜಾ ಬಾರಿಸಿಕೊಂಡಲ್ಲ. ಒಂದು ಮಧ್ಯಾಹ್ನ ಸುಗಲಾ ಪುಂಡಿಪಲ್ಯ ಮಾಡಿದ್ದಳು. ತುತ್ತು ಬಾಯಿಗಿಟ್ಟೆ, ಹುಳಿ ಹತ್ತಿತು. ಹುಳಿ! ಎಷ್ಟು ದಿನವಾಗಿತ್ತೋ. ಇನ್ನೊಂದು ರೊಟ್ಟಿ ಕೇಳಿದೆ. ಅವಳು ರೊಟ್ಟಿ ಹಾಕಿ ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಇನ್ನೊಂದು ದಿನ ನಿಲಂಗಾದ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿ ನಮ್ಮ ನಿಲುಗಡೆ ದಾಟಿಹೋದೆ. ಮೊದಲಾಗಿದ್ದರೆ ಕಂಡಕ್ಟರನ ಮೇಲೆ ಹರಿಹಾಯುತ್ತಿದ್ದೆ. ಅಂದು ಇಳಿದು ತಿರುಗಿ ನಡೆದೆ. ದವಡೆ ಮುಟ್ಟಿ ನೋಡಿಕೊಂಡೆ, ಹಲ್ಲು ಕಚ್ಚಿಕೊಂಡಿರಲಿಲ್ಲ.

ಇದರಲ್ಲಿ ಗುಳಿಗೆಯ ಪಾಲೆಷ್ಟು? ಕೆಲವು ದಿನ ಬಜಾರು ಬಿಟ್ಟದ್ದರ ಪಾಲೆಷ್ಟು? ಡಾಕ್ಟರು ಹೇಳಿದರೆಂದು ಸುಗಲಾ ನನ್ನನ್ನು ಬೆಳಿಗ್ಗೆ ಬೀರಪ್ಪನ ಗುಡಿಯವರೆಗೆ ನಡೆಸಿದ್ದರ ಪಾಲೆಷ್ಟು? ಪಾಲು ಹಂಚುವುದೇ ನನ್ನ ಕಸುಬು, ಆದರೂ ಇದನ್ನು ಹಂಚಲು ನನಗೆ ಬಂದಿಲ್ಲ. ಯಾರಾದರೂ ಖಡಾಖಂಡಿತ ಹಂಚಿ ಕೊಟ್ಟರೆ ಅವರ ಮೇಲೆ ಅನುಮಾನಪಡಿ.

ಒಂದು ಬೆಳಿಗ್ಗೆ ಅವಳು ಕೊಟ್ಟ ಚಹಾವನ್ನು ಮೂಸದೆ ಕುಡಿದೆ. ಕುಡಿದು ಮುಗಿಸಿದ ಮೇಲೆ ನನಗೇ ತಿಳಿಯಿತು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನ ಹಾಕಿದ್ದೆ ಅದರಾಗ?" ಎಂದೆ. "ಶುಂಠಿ," ಎಂದಳು. ಇಬ್ಬರೂ ನಕ್ಕೆವು.

ಆದರೆ ಬಜಾರು ಬಾಕಿ ಇತ್ತು. ಬಸವಣಪ್ಪ ಮನೆಗೆ ಬಂದು, "ಬಾರೋ, ನೀ ಇಲ್ದೇ ನನ್ನ ಬಾಯಿ ಬ್ಯಾಸತ್ತದ," ಎಂದು ಎಳೆದುಕೊಂಡು ಹೋದ. ಉದಗೀರದಲ್ಲಿ ಅಂದು ದನ ಬಹಳ ಬಂದಿದ್ದವು. ನಾನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತೆ. ಬಂದವರು ನಮಸ್ಕಾರ ಮಾಡಿ ಬಸವಣಪ್ಪನ ಕಡೆ ಹೋದರು. ಬಿಸಿಲೇರಿದ ಮೇಲೆ ಯೆಣೆಗೂರಿನ ಶಿವರಾಯ ಬಂದ. ಒಂಟಿ ಎತ್ತು ಕೊಳ್ಳಲು ಬಂದಿದ್ದ. ಮೆಚ್ಚಿದ ಎತ್ತಿನ ಬಾಯಿ ತೆರೆದು ಹಲ್ಲು ನೋಡಿದ. ಮಾರುವವನು ಖೋಡಿ ಹೇಳಿದ, ಎಡಕ್ಕೆ ಹೂಡಿದರೆ ಮಾತ್ರ ನಡೆಯುತ್ತದೆ ಎಂದು. ಶಿವರಾಯ ಬಸವಣಪ್ಪನ ಕಡೆ ಕೈ ಚಾಚಿದ. ಬಸವಣಪ್ಪ ತನ್ನ ಕೈ ಹಿಂದಕ್ಕೆ ಕಟ್ಟಿಕೊಂಡ.

"ಈ ಸೌದಾ ಮಾಳಪ್ಪ ಮಾಡ್ತಾನ."

ಶಿವರಾಯ ನನ್ನನ್ನು ನೋಡಿದ. ಅವನ ಕೈ ಚಾಚಿದಲ್ಲೇ ನಿಂತಿತ್ತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸುತ್ತ ಮಂದಿ ಸೇರಿದರು.  ಸುಮ್ಮನೆ ಟವೆಲ್ ಬೀಸಬಹುದಿತ್ತು, ಬಸವಣಪ್ಪನ ಮುಖ ನೋಡಿ ಶಿವರಾಯ ಕೈ ಇಡುತ್ತಿದ್ದ. ಆದರೆ ಖೋಡಿ ಮುಚ್ಚಿ ಮಾಡಿದ ಸೌದಾ ಮುಂದಿನ ಬಜಾರಿಗೆ ವಾಪಸ್ಸು ಬರುತ್ತದೆ.

"ಶಿವರಾಯಪ್ಪಾ," ಎಂದೆ, "ಎತ್ತಿನ ಖೋಡಿ ಕೇಳಿದಿ. ದಲಾಲಂದೂ ಒಂದು ಅದ, ಕೇಳು. ಅವತ್ತ ನೀ ಬೆರಳ ಹಂದಾಡಸಿದ್ದಿಲ್ಲ. ನನ್ನ ತಲೀನೇ ನಡಗತಿತ್ತು. ತಲೀ ಡಾಕ್ಟರಿಗಿ ತೋರಸೀನಿ. ದಿನಾ ಮುಂಜಾನಿ ಒಂದು ಗುಳಿಗಿ ತೊಗೋತೀನಿ. ಇನ್ನೂ ಬಹಳ ದಿವಸ ತೊಗೋಬೇಕು. ಕೈ ಒಮ್ಮೊಮ್ಮಿ ಸಣ್ಣಗ ನಡಗತದ, ಅದು ಗುಳಿಗಿಂದು. ಇಷ್ಟ ನನ್ನ ಖೋಡಿ. ಇನ್ನ ಕೈ ಇಡೂದು ಬಿಡೂದು ನಿನ್ನ ಮರ್ಜಿ."

ಯಾರೋ ಹಿಂದೆ ಕೆಮ್ಮಿದರು. ಶಿವರಾಯ ಎತ್ತನ್ನು ನೋಡಿದ ಹಾಗೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಗುಳಿಗಿ ನುಂಗಿ ಹಾಯ್ತೀಯೇನು?"

"ಇಲ್ಲ."

"ಒದೀತೀ?"

"ಇಲ್ಲ."

"ನೊಗ ಕಂಡ ಕೂಡ್ಲೇ ಮಲಗತೀ?"

"ಮದಲ ಮಲಗತಿದ್ದೆ. ಈಗ ಎದ್ದೀನಿ."

ಮಂದಿ ನಕ್ಕರು. ಶಿವರಾಯ ನಗಲಿಲ್ಲ. "ಖೋಡಿ ಅದ ಅಂದ ಮ್ಯಾಲ ದಲಾಲಿ ಕಮ್ಮಿ ಮಾಡಬೇಕಾಗ್ತದ, ನೋಡು," ಎಂದು ಕೈ ಮುಂದೆ ಮಾಡಿದ.

ಟವೆಲ್ ಬೀಸಿದೆ. ಅದರ ಕೆಳಗೆ ಅವನ ಅಂಗೈ ಒಣಗಿ ಬಿಸಿಯಾಗಿತ್ತು. ಎಷ್ಟೋ ದಿನಗಳ ಮೇಲೆ ಇನ್ನೊಬ್ಬರ ಅಂಗೈ ನನಗೆ ಓದಲು ಸಿಕ್ಕಿತು. ಆದರೂ ಹಳೆಯ ಗುಣ ತಲೆ ಎತ್ತಿತು: ಇವನು ಕನಿಕರಕ್ಕೆ ಕೈ ಇಟ್ಟಿರಬೇಕು. ರೋಗಿಯೆಂದು ದಾನ ಮಾಡುತ್ತಿರಬೇಕು. ಕನಿಕರವಾದರೆ ಕೇಳಿದ್ದಕ್ಕೆ ಒಪ್ಪಿಬಿಡುತ್ತಾನೆ, ನೋಡೇಬಿಡೋಣ ಎಂದು ನನ್ನ ದಲಾಲಿಯನ್ನು ಒಂದು ಕೂದಲೂ ಇಳಿಸದೆ ಬೆರಳು ಒತ್ತಿದೆ.

ಶಿವರಾಯ ನನ್ನ ಬೆರಳನ್ನು ಹಿಡಿದು ಮಡಚಿ, ಅರ್ಧಕ್ಕೂ ಕೆಳಗೆ ಇಳಿಸಿ ಒತ್ತಿದ. ಮೂಳೆ ನೋಯುವ ಹಾಗೆ ಒತ್ತಿದ.

ಆಗ ನನ್ನ ಅನುಮಾನ ಹೋಯಿತು. ಕನಿಕರ ಇದ್ದವನು ಅಷ್ಟು ಬಿಗಿಯಾಗಿ ಒತ್ತುವುದಿಲ್ಲ.